ಹಸಿರು ಹರಳು ಕೊಟ್ಟ ಗಡುವು

ಜ್ವಾಲಾಮುಖಿ ಬೆಟ್ಟದ ಮೇಲೆ ಮೇಕೆಯೊಂದು ಮರಿ ಹಾಕಿತು. ಅದೇ ದಿನ ನೆಲ ನಡುಗಿತು, ಊಟೆಯ ನೀರು ಬಿಸಿಯಾಯಿತು. ಹಿಂಡು ಓಡಲು ಸಿದ್ಧವಾಯಿತು. ಮರಿಗೆ ಇನ್ನೂ ನಿಲ್ಲಲು ಬರುತ್ತಿರಲಿಲ್ಲ.

ತಾಯಿ ಮೇಕೆ ಹಿಂದಿನ ಸ್ಫೋಟದಲ್ಲಿ ಹೊರಬಿದ್ದ ಕಲ್ಲುಗಳ ಬಳಿ ಹೋಗಿ, "ಬೆಟ್ಟ ಯಾವಾಗ ಸಿಡಿಯುತ್ತದೆ?" ಎಂದು ಕೇಳಿತು.

"ನಾನು ಹೊರಬಿದ್ದ ಕೂಡಲೇ ತಣಿದು ಗಾಜಾದೆ. ಅದಕ್ಕೂ ಹಿಂದಿನದು ನನಗೆ ತಿಳಿಯದು," ಎಂದಿತು ನುಣುಪಾದ ಕರಿಗಲ್ಲು.

ಪಕ್ಕದ ಹಸಿರು ಹರಳು ಹೇಳಿತು: "ನಾನು ಬೆಟ್ಟದೊಳಗೆ ನಿಧಾನವಾಗಿ ಬೆಳೆದವಳು. ಕೆಳಗಿನಿಂದ ಹೊಸ ಶಿಲಾರಸ ನುಗ್ಗಿದ ದಿನ ನೆಲ ಹೀಗೇ ನಡುಗಿತ್ತು. ಅಂದಿನಿಂದ ನನ್ನ ಅಂಚಿನಲ್ಲಿ ಈ ತಿಳಿ ಬಣ್ಣದ ಪದರ ಬೆಳೆಯತೊಡಗಿತು. ಇದು ಕೂದಲೆಳೆಯಷ್ಟಾಗಲು ಕೆಲವು ವಾರ ಹಿಡಿಯಿತು. ಆಮೇಲೆ ಬೆಟ್ಟ ಸಿಡಿಯಿತು. ಈ ಸಲವೂ ಹಾಗೆಯೇ ಆಗುತ್ತದೆಂದು ಆಣೆ ಇಡಲಾರೆ. ಆದರೆ ಮರಿಯನ್ನು ಬಿಟ್ಟು ಇವತ್ತೇ ಓಡಬೇಕಿಲ್ಲ. ಅದು ನಡೆಯಲು ಕಲಿತ ದಿನವೇ ಹೊರಡು."

ಹಿಂಡಿನ ಹಿರಿಯ ಹೋತ ಇದನ್ನು ಕೇಳಿಸಿಕೊಂಡು, "ಹಾಗಾದರೆ ನಾವೂ ಕಾಯುತ್ತೇವೆ," ಎಂದು ಮರಿಯ ಪಕ್ಕದಲ್ಲೇ ಮಲಗಿತು.

ಮರಿ ತಡವರಿಸುತ್ತ ನಾಲ್ಕು ಹೆಜ್ಜೆ ಇಟ್ಟ ದಿನವೇ ಎಲ್ಲರೂ ಹೊರಟು ಎದುರು ಗುಡ್ಡ ಸೇರಿದರು. ಕೆಲವೇ ದಿನಗಳಲ್ಲಿ ಬೆಟ್ಟ ಸಿಡಿದು ಆಕಾಶ ಕೆಂಪಾಯಿತು. ಮರಿ ಹೆದರಲಿಲ್ಲ. ಕಿಡಿಗಳನ್ನು ನೋಡುತ್ತ ಕುಣಿಯತೊಡಗಿತು.

"ಹರಳಿಗೆ ಏನಾಯಿತಮ್ಮ?"

"ಬೆಂಕಿ ಅವಳಿಗೆ ತವರುಮನೆ, ಮಗಾ," ಎಂದಿತು ತಾಯಿ. "ಅವಳ ತಂಗಿಯರು ಈಗಷ್ಟೇ ಹೊರಗೆ ಬರುತ್ತಿದ್ದಾರೆ. ನೆಲ ತಣಿಯಲಿ, ಹೋಗಿ ಮಾತನಾಡಿಸಿ ಬರೋಣ."