ರತ್ನಗಂಬಳಿಯ ಹಟಮಾರಿ ಕಲೆ

“ಕೇಳ್ರಪ್ಪೋ ಕೇಳಿ! ಹೊಂಗೇರಿಯ ಅಮ್ಮಣ್ಣಿ ದೇವಾಜಮ್ಮನವರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವನು ಅರ್ಧ ರಾಜ್ಯ ಕೇಳಲಿ, ಅಮ್ಮಣ್ಣಿಯ ಕೈಯನ್ನೇ ಕೇಳಲಿ, ಕೊಡುತ್ತಾರೆ. ಒಂದು ತಪ್ಪಿದರೂ ಅವನ ತಲೆ ಅಂಗಳದ ಕಲ್ಲಿನ ಮೇಲೆ! ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಮಡಿವಾಳರ ದ್ಯಾವಕ್ಕನ ತಲೆ!”

ಹಲಗೆ ಬಡಿದು ಹೀಗೆ ಸಾರಿದ್ದೇ ತಡ, ಊರ ಜನ ಬಾಗಿಲು ಹಾಕಿಕೊಂಡರು. ದೊಡ್ಡವರ ಸಿಟ್ಟಿಗೆ ಬಡವರ ಕುತ್ತಿಗೆಯೇ ಅಗ್ಗ, ಏನು ಮಾಡ್ತೀರಿ?

ನಡೆದದ್ದು ಇಷ್ಟು. ಅಮ್ಮಣ್ಣಿಯ ತಂದೆಯನ್ನು, ಅಂದರೆ ಹೊಂಗೇರಿಯ ದೊರೆಯನ್ನು, ಒಡ್ಡೋಲಗದ ಚಾವಡಿಯಲ್ಲೇ ಯಾರೋ ಇರಿದು ಕೊಂದಿದ್ದರು. “ರತ್ನಗಂಬಳಿಯ ಮೇಲೆ ನಿಂತಿದ್ದವರನ್ನು ಕಳ್ಳರು ತಿವಿದರು, ಅಲ್ಲೇ ಬಿದ್ದರು, ಕಣ್ಣಾರೆ ಕಂಡೆ” ಅಂದವನು ದಳವಾಯಿ ಕೆಂಚರಸ. ನೆತ್ತರು ಗಂಬಳಿಯಲ್ಲಿ ಒಣಗಿ ಕೂತಿತು. ಅದನ್ನು ತೊಳೆಯಲು ದ್ಯಾವಕ್ಕನನ್ನು ಕರೆಸಿದರು. ಅವಳು ಹುಟ್ಟಿದಾಗಿನಿಂದ ನೂಲುಬಟ್ಟೆಗೆ ಉಬ್ಬೆ ಹಾಕಿ, ಹಬೆಯಲ್ಲಿ ಬೇಯಿಸಿ ಕೊಳೆ ಬಿಡಿಸಿದವಳು. ಅದೇ ರೂಢಿಯಲ್ಲಿ, ಗಂಬಳಿ ಹಾಸಿದ್ದಲ್ಲೇ ಕುದಿಯುವ ನೀರು ಸುರಿದಳು. ಅಯ್ಯೋ, ಕಲೆ ಕಂದಿ, ಉಣ್ಣೆಗೆ ಕಚ್ಚಿಕೊಂಡುಬಿಟ್ಟಿತು.

“ನಮ್ಮಪ್ಪನ ನೆತ್ತರನ್ನು ಬೇಯಿಸಿದಳು!” ಎಂದು ಅಮ್ಮಣ್ಣಿ ಕೂಗಿ, ಅವಳನ್ನು ನೆಲಮಾಳಿಗೆಗೆ ನೂಕಿಸಿದಳು.

ಮೊದಲು ಬಂದವನು ಕಡಗೋಡಿನ ಅರಸುಮಗ. ಅಮ್ಮಣ್ಣಿ ಕೇಳಿದಳು: “ಬಿಸಿ ತಾಕಿದರೆ ಬೇರು ಬಿಡುತ್ತದೆ, ತಂಪು ತಾಕಿದರೆ ಹಿಡಿತ ಸಡಿಲಿಸುತ್ತದೆ. ಏನದು?”

“ಕೋಪ” ಅಂದ ಅವನು, ಮೀಸೆ ತಿರುವಿ.

“ನನ್ನ ಕೋಪ ಯಾವ ತಂಪಿಗೂ ಸಡಿಲಾಗಿಲ್ಲ” ಅಂದಳು. ಮಾತು ಮುಗಿಯುವಷ್ಟರಲ್ಲಿ ಅಂಗಳದಲ್ಲಿ ಕತ್ತಿ ಬಿತ್ತು. ಮೀಸೆ ಸಮೇತ ತಲೆ ಉರುಳಿತು.

ಎರಡನೆಯವನು “ಇಟ್ಟಿಗೆ” ಅಂದ. “ಸುಟ್ಟ ಇಟ್ಟಿಗೆ ತಣ್ಣೀರಿಗೆ ಕರಗುತ್ತದೇನೋ ಮೂಢಾ?” ಅವನ ತಲೆಯೂ ಹೋಯಿತು.

ಮೂರನೆಯವನು ಚುರುಕು. ಕಾಲ ಕೆಳಗಿನ ಗಂಬಳಿ ನೋಡಿ “ನೆತ್ತರ ಕಲೆ” ಎಂದುಬಿಟ್ಟ. ಅಮ್ಮಣ್ಣಿ ಎರಡನೆಯದನ್ನು ಒಡ್ಡಿದಳು: “ನಡುವಿಗೆ ಕೈಯಿಟ್ಟು ಉಜ್ಜಿದರೆ ಊರಗಲ ಹಬ್ಬುತ್ತದೆ. ಅಂಚಿನಿಂದ ಒತ್ತುತ್ತ ಬಂದರೆ ಕುಗ್ಗಿ ಸಾಯುತ್ತದೆ. ಏನದು?”

ಮತ್ತೆ ಅದೇ ಉತ್ತರ ಇರಲಾರದು ಅಂದುಕೊಂಡ ಪಾಪ. “ಕಾಳ್ಗಿಚ್ಚು” ಅಂದ.

“ಕಾಳ್ಗಿಚ್ಚಿನ ನಡುವೆ ಕೈಯಿಟ್ಟು ಉಜ್ಜುವವನು ನೀನೊಬ್ಬನೇ!” ಅವನು ಬೇಡಿಕೊಂಡ, ಬಾಗಿಲು ಹಿಡಿದುಕೊಂಡ. ಬೆರಳು ಬಿಡಿಸಿ ಎಳೆದೊಯ್ದರು.

ಅಮಾವಾಸ್ಯೆಯ ಬೆಳಿಗ್ಗೆ ದ್ಯಾವಕ್ಕನ ತಮ್ಮ ಮಾಚಿಗ ಬಂದ. ಅವನಿಗೆ ರಾಜ್ಯ ಬೇಕಿರಲಿಲ್ಲ. ತಾಯಿ ಸತ್ತ ಮೇಲೆ ಎತ್ತಿ ಆಡಿಸಿದ ಅಕ್ಕ ಅವಳು, ಅವಳೊಬ್ಬಳು ಉಳಿದರೆ ಸಾಕಿತ್ತು. ನೇರ ಅಮ್ಮಣ್ಣಿಯ ಮುಂದೆ ಹೋಗಿ ನಿಂತ.

ಮೊದಲನೆಯದಕ್ಕೆ “ನೆತ್ತರ ಕಲೆ, ತಾಯಿ” ಅಂದ. ಎರಡನೆಯದಕ್ಕೆ “ಅದೂ ಅದೇ” ಅಂದ.

“ಬಾಯಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಮಾಡಿ ತೋರಿಸು.”

ಮಾಚಿಗ ತಣ್ಣೀರಿಗೆ ಉಪ್ಪು ಕದಡಿದ. ಒದ್ದೆ ಬಟ್ಟೆ ಹೊದಿಸಿ, ಒಣಗಿದ ಕಲೆ ಮೆತ್ತಗಾಗುವ ತನಕ ಸುಮ್ಮನೆ ಕೂತ. ಆಮೇಲೆ ಅಂಟುವಾಳದ ನೊರೆ ಸವರಿ, ಒಣಬಟ್ಟೆಯಿಂದ ಅಂಚಿನಿಂದ ನಡುವಿಗೆ ಒತ್ತುತ್ತ ಬಂದ. ಉಜ್ಜಲಿಲ್ಲ. ಬೆಂದ ಕಲೆ ಸುಲಭಕ್ಕೆ ಬಿಡುತ್ತದೆಯೇ? ಮತ್ತೆ ನೆನೆಸಿದ, ಮತ್ತೆ ಒತ್ತಿದ. ಬಟ್ಟೆ ಕೆಂಪಾಗುತ್ತ ಹೋಯಿತು, ಗಂಬಳಿ ತಿಳಿಯಾಗುತ್ತ ಬಂತು. ನೆರೆದವರು ಭಲೇ ಅಂದರು.

ಸಂಜೆಗೆ ಗಂಬಳಿ ಹಾಸಿದ್ದಲ್ಲೇ ಒಣಗಿತು. ನೋಡಿದರೆ ಕಲೆ ಮತ್ತೆ ಅಲ್ಲೇ!

“ಇದೇ ಮೂರನೆಯದು” ಅಂದಳು ಅಮ್ಮಣ್ಣಿ. “ನಿನ್ನಕ್ಕನಾದ ಮೇಲೆ ಬೇರೆಯವರಿಂದ ತಣ್ಣೀರಲ್ಲಿ ಎಷ್ಟು ಸಲ ತೊಳೆಸಿದರೂ ಹೀಗೇ ಆಯಿತು. ಬೆಳಿಗ್ಗೆ ಹೋದವನು ಸಂಜೆಗೆ ಬರುತ್ತಾನೆ. ಅವನ ಮನೆ ಎಲ್ಲಿ? ಇದರ ಉತ್ತರ ನನಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಉರಿಯುತ್ತಿದ್ದೇನೆ.”

“ಕಡಿಸಿ ಅವನನ್ನು!” ಎಂದ ದಳವಾಯಿ. ತಳವಾರರು ಮಾಚಿಗನ ರಟ್ಟೆ ಹಿಡಿದರು.

“ಅವನ ಮನೆ ಬೆನ್ನಲ್ಲಿದೆ ತಾಯಿ! ಗಂಬಳಿ ಮಗುಚಿ!”

ಮಗುಚಿದರು. ಮೇಲೆ ಅಂಗೈಯಗಲ ಇದ್ದ ಕಲೆ ಕೆಳಗೆ ಚಾಪೆಯಗಲ ಇತ್ತು. ಕೆಳಗಿನ ಕಲ್ಲಿನ ಸಂದಿನಲ್ಲೂ ನೆತ್ತರು ಕರಿಗಟ್ಟಿತ್ತು.

“ಒಣಗುವಾಗ ಬೆನ್ನಿನ ಕಲೆ ನೀರಿನೊಡನೆ ಮೇಲೇರುತ್ತದೆ. ಅದಕ್ಕೇ ಮತ್ತೆ ಮತ್ತೆ ಬರುತ್ತಿದ್ದದ್ದು” ಅಂದ ಮಾಚಿಗ. “ಆದರೆ ಇನ್ನೊಂದಿದೆ. ಮೇಲಿಂದ ಚೆಲ್ಲಿದ್ದು ಮೇಲೆ ಅಗಲ, ಕೆಳಗೆ ಕಿರಿದು. ಇದು ತಿರುಗುಮುರುಗು. ನೆತ್ತರು ಮೊದಲು ಬರಿಕಲ್ಲಿಗೆ ಬಿದ್ದಿದೆ. ಆಮೇಲೆ ಯಾರೋ ಅದರ ಮೇಲೆ ಗಂಬಳಿ ಹಾಸಿದ್ದಾರೆ. ದೊರೆಗಳು ಗಂಬಳಿಯ ಮೇಲೆ ನಿಂತಿರಲೇ ಇಲ್ಲ.”

ಎಲ್ಲರ ಕಣ್ಣೂ ದಳವಾಯಿಯ ಕಡೆ ಹೊರಳಿದವು. ಕಣ್ಣಾರೆ ಕಂಡೆ ಅಂದವನು ಅವನೊಬ್ಬನೇ ತಾನೆ? ಉತ್ತರ ಕೊಡುವ ಬದಲು ಅವನು ಕತ್ತಿ ಹಿರಿದು ಮಾಚಿಗನ ಮೇಲೆ ನುಗ್ಗಿದ. ಭುಜದ ಮಾಂಸ ಸೀಳಿತು. ಎರಡನೇ ಏಟು ಬೀಳುವ ಮೊದಲೇ ಅಮ್ಮಣ್ಣಿ ಕಾವಲಿನವನ ಈಟಿ ಕಸಿದು ಅವನ ಹೊಟ್ಟೆಗೆ ಇಳಿಸಿದಳು. ಎಳೆದು ಮತ್ತೆ ಇಳಿಸಿದಳು. ಅವನು ಸತ್ತ ಮೇಲೂ ತಿವಿಯುತ್ತಲೇ ಇದ್ದಳು. ಕೊನೆಗೆ ಈಟಿ ಬಿಸಾಡಿ “ಅಪ್ಪಾ” ಎಂದು ಗೋಳೋ ಎಂದು ಅತ್ತಳು.

ಅಳು ನಿಂತ ಮೇಲೆ ಮಾಚಿಗನಿಗೆ ಹೇಳಿದಳು: “ಗೆದ್ದೆ. ಅರ್ಧ ರಾಜ್ಯ ನಿನ್ನದು. ನನ್ನ ಕೈಯೂ ನಿನ್ನದು.”

“ನನ್ನಕ್ಕನನ್ನು ಕೊಡಿ ತಾಯಿ.”

“ನಾನು ಬೇಡವೇ?”

“ಅಂಗಳದಲ್ಲಿ ಮೂರು ತಲೆ ಬಿದ್ದಿವೆ. ಅವರು ಯಾರನ್ನೂ ಕೊಂದವರಲ್ಲ. ನಿಮ್ಮ ಕೈ ಹಿಡಿಯೋಕೆ ನನಗೆ ಭಯ.”

ಅಮ್ಮಣ್ಣಿ ತನ್ನ ಕೈ ನೋಡಿಕೊಂಡಳು, ಸೆರಗಿನೊಳಗೆ ಮುಚ್ಚಿಕೊಂಡಳು. “ಇನ್ನು ಒಗಟಿಲ್ಲ. ಬಾಗಿಲು ತೆಗೆಯಿರಿ” ಅಂದಳು. ಹೊಳೆದಂಡೆಯ ಗದ್ದೆಯನ್ನು ಅಕ್ಕತಮ್ಮಂದಿರ ಹೆಸರಿಗೆ ಬಿಟ್ಟಳು.

ನೆಲಮಾಳಿಗೆಯಿಂದ ದ್ಯಾವಕ್ಕ ತಡವರಿಸುತ್ತ ಮೇಲೆ ಬಂದಳು. ತಮ್ಮನ ಭುಜದ ನೆತ್ತರು ನೋಡಿ, ಕಪಾಳಕ್ಕೆ ಫಟಾರನೆ ಬಾರಿಸಿದಳು.

“ನೀನೂ ಸತ್ತಿದ್ದರೆ ನಾನು ಯಾರಿಗೋಸ್ಕರ ಬದುಕಲೋ, ಪಾಪಿ?” ಎಂದು ಅವನನ್ನು ತಬ್ಬಿಕೊಂಡು ಬಿಕ್ಕಿದಳು.

ಅವರಿಬ್ಬರೂ ಮನೆ ಮುಟ್ಟಿದರು. ಇಷ್ಟು ಹೊತ್ತು ಕೇಳಿದ ನಿಮಗೂ ಮನೆಯಿದೆ, ಏಳಿ.