ಕಿಟಕಿ ಮುಚ್ಚಿದ ಮಗ್ಗದ ಕೋಣೆ

"ಗುರುಗಳೇ, ನನಗೆ ಜ್ವರವಿಲ್ಲ, ಕೆಮ್ಮಿಲ್ಲ. ಹಾಗಿದ್ದೂ ನಾನೇಕೆ ಹೊರಗಿನ ಜಗಲಿಯಲ್ಲಿ ಒಬ್ಬನೇ ಇರಬೇಕು?" ಎಂದು ಶಿಷ್ಯನು ಕೇಳಿದನು.

ಉಸಿರಾಟದ ಬೇನೆ ಹರಡಿದ್ದ ಪಟ್ಟಣದಿಂದ ಅವನು ಅಂದೇ ಮರಳಿದ್ದನು. ಸಂಜೆಯ ಭಜನೆಗೆ ಮಠದ ಹಜಾರದಲ್ಲಿ ವಯಸ್ಸಾದವರೆಲ್ಲ ಸೇರುತ್ತಿದ್ದರು. ಅವನ ಧ್ವನಿಯಿಲ್ಲದೆ ಭಜನೆ ರುಚಿಸದು ಎಂಬುದು ಎಲ್ಲರ ಮಾತು. ಅವನ ಮಾತೂ ಅದೇ.

ಗುರುಗಳು ಅಂಗಳದಲ್ಲಿ ದೂರವೇ ಕುಳಿತು ಹೇಳಿದರು:

ನೇಕಾರರ ಊರೊಂದಿತ್ತು. ಅಲ್ಲಿ ಮಗ್ಗದ ಕೋಣೆಯ ಕಿಟಕಿಯನ್ನು ಯಾರೂ ತೆರೆಯುತ್ತಿರಲಿಲ್ಲ. ಗಾಳಿಯಾಡಿದರೆ ರೇಷ್ಮೆಯ ಎಳೆ ಒಣಗಿ ಕಡಿಯುತ್ತದೆ. ಒಂದು ಹಾಸು, ಎಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು, ನೆಯ್ದು ಮುಗಿದಾಗ, ಅದರ ತುದಿಗೆ ಹೊಸ ಹಾಸನ್ನು ಎಳೆ ಎಳೆಯಾಗಿ ಹೊಸೆದು ಕೂಡಿಸಬೇಕು. ಅದಕ್ಕೆ ನೆರೆಹೊರೆಯವರೆಲ್ಲ ಬಂದು, ಆ ಮುಚ್ಚಿದ ಕೋಣೆಯಲ್ಲಿ ಎದುರುಬದುರು ಕುಳಿತು, ಹರಟುತ್ತ ನಗುತ್ತ ಕೆಲಸ ಮುಗಿಸುವರು. ಕರೆದಾಗ ಬಾರದವನನ್ನು ಊರು ಮನುಷ್ಯನೆಂದೇ ಎಣಿಸುತ್ತಿರಲಿಲ್ಲ.

ಒಬ್ಬ ನೇಕಾರ ನೂಲು ಕೊಳ್ಳಲು ಪೇಟೆಗೆ ಹೋಗಿ ಬಂದ. ಗಟ್ಟಿ ಆಳು. ಬಂದವನೇ ಮನೆಮನೆಗೆ ಹೋಗಿ ಎಳೆ ಹೊಸೆದ. ಕೆಲವೇ ದಿನಗಳಲ್ಲಿ ಆ ಮನೆಗಳವರು ಹಾಸಿಗೆ ಹಿಡಿದರು. ಮೈ ಸುಡುವ ಜ್ವರ, ಬಿಡದ ಕೆಮ್ಮು, ಎಷ್ಟು ಎಳೆದರೂ ಸಾಲದ ಉಸಿರು. ಪಕ್ಕದ ಮನೆಯ ಮುದುಕ ತೀರಿಕೊಂಡ. ನೇಕಾರನ ಹೆಂಡತಿಯೂ ಮಲಗಿದಳು.

ಬೇನೆ ಪೇಟೆಯ ನೂಲಿನಲ್ಲಿ ಬಂದಿದೆ ಎಂದು ಊರು ತೀರ್ಮಾನಿಸಿತು. ಕಣ್ಣಿಗೆ ಕಾಣುವುದರ ಮೇಲೆ ಸಿಟ್ಟು ಮಾಡುವುದು ಸುಲಭ, ನೋಡು. ಮಗ್ಗಕ್ಕೇರಿದ್ದನ್ನು ಬಿಟ್ಟು ಇದ್ದ ರೇಷ್ಮೆಯನ್ನೆಲ್ಲ ಕೊತಕೊತ ಕುದಿಸಿದರು. ಕೆಂಪು, ಹಸಿರು ಎಲ್ಲ ಬಣ್ಣ ಬಿಟ್ಟು ಒಂದಾಯಿತು. ಬೇನೆ ಮಾತ್ರ ಹೋಗಲಿಲ್ಲ. ಸಿಕ್ಕುಗಟ್ಟಿದ ಆ ನೂಲನ್ನು ಬಿಡಿಸಲು ಎಲ್ಲರೂ ಮತ್ತೆ ಅದೇ ಮುಚ್ಚಿದ ಕೋಣೆಯಲ್ಲಿ ಕುಳಿತರು!

ಆಗ ವೈದ್ಯೆಯೊಬ್ಬಳು ಬಂದಳು. ಯಾರ ಮನೆಯಲ್ಲಿ ಯಾರ ಜೊತೆ ಯಾರು ಕುಳಿತಿದ್ದರು ಎಂದು ವಿಚಾರಿಸುತ್ತ ಹೋದಳು. ಕೇಳಿ ಕೇಳಿ ಕೊನೆಗೆ ನೇಕಾರನ ಬಾಗಿಲಿಗೆ ಬಂದು ನಿಂತಳು.

"ನನಗೆ ಒಂದು ಸೀನೂ ಬಂದಿಲ್ಲ ತಾಯಿ" ಎಂದು ಅವನು ಸಿಡುಕಿದ.

"ಬೇನೆ ನೂಲಿನಲ್ಲಿಲ್ಲಪ್ಪ, ಉಸಿರಿನಲ್ಲಿದೆ. ಮುಚ್ಚಿದ ಕೋಣೆಯಲ್ಲಿ ಒಬ್ಬರು ಬಿಟ್ಟದ್ದನ್ನೇ ಎಲ್ಲರೂ ಎಳೆದುಕೊಳ್ಳುತ್ತೀರಿ. ನಿನ್ನ ಗಟ್ಟಿ ಮೈ ನಿನಗೂ ತಿಳಿಸದೆ ಅದನ್ನು ಹೊತ್ತು ತಂದಿತು. ಆ ಮುದುಕನ ಮೈ ತಾಳಲಿಲ್ಲ."

ನೇಕಾರ ಕುಸಿದು ಕುಳಿತು ಅತ್ತ. ಅತ್ತು ಮುಗಿಸಿ ಎದ್ದ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಹೆಂಡತಿ ಮಲಗಿದ್ದ ಕೋಣೆಯ ಕಿಟಕಿಯನ್ನೂ ಮಗ್ಗದ ಕೋಣೆಯ ಕಿಟಕಿಯನ್ನೂ ತೆರೆದ. ಬಿಸಿಗಾಳಿ ನುಗ್ಗಿತು. ಮಗ್ಗದ ಮೇಲಿದ್ದ ಮದುವೆ ಸೀರೆಯ ಎಳೆಗಳು ಒಣಗಿ ಪಟಪಟನೆ ಕಡಿದವು. ಅವನು ತಿರುಗಿ ನೋಡಲಿಲ್ಲ. ಬೀದಿಯ ನಡುವೆ ನಿಂತು, ಬೇನೆ ತಂದವನು ತಾನೇ, ಅದು ಉಸಿರಿನಲ್ಲಿ ಹರಡುತ್ತದೆ ಎಂದು ಪ್ರತಿ ಮನೆಗೂ ಕೂಗಿ ಹೇಳಿದ. ಜನ ಬೈದರು, ಕೊಲೆಗಾರ ಎಂದರು. "ಬೈಯಿರಿ, ಆದರೆ ಕಿಟಕಿ ತೆರೆಯಿರಿ" ಎಂದ. ಊರಿನ ಕೊನೆಯ ಕಿಟಕಿ ತೆರೆಯುವವರೆಗೆ ದಿನವೂ ಬಂದು ಅಲ್ಲೇ ನಿಂತ. ಆ ವರ್ಷ ಯಾರೂ ಯಾರನ್ನೂ ಕರೆಯಲಿಲ್ಲ; ಅವರವರ ಹಾಸನ್ನು ಅವರವರೇ ಕೂಡಿಸಿಕೊಂಡರು. ಸೀರೆಗಳು ತಡವಾದವು. ನೇಕಾರನ ಹೆಂಡತಿ ನಿಧಾನವಾಗಿ ಎದ್ದು ಕುಳಿತಳು.

ಗುರುಗಳು ಕತೆ ನಿಲ್ಲಿಸಿದರು. ಹಜಾರದಲ್ಲಿ ತಾಳದ ಸದ್ದು ಶುರುವಾಗಿತ್ತು. ಶಿಷ್ಯನು ಆ ಕಡೆಗೊಮ್ಮೆ ನೋಡಿ, "ಆದರೂ ಅವನನ್ನು ಕೊಲೆಗಾರ ಎಂದದ್ದು ಅನ್ಯಾಯ, ಗುರುಗಳೇ. ಪಾಪ, ಅವನಿಗೇನು ತಿಳಿದಿತ್ತು?" ಎಂದನು.

"ಅವನಿಗೆ ತಿಳಿದಿರಲಿಲ್ಲ, ನಿನಗೆ ಈಗ ತಿಳಿದಿದೆ."