ಜಾಯಿಕಾಯಿಗೆ ಕೆಂಪು ಉಡಿಸಿದ ಹಲೀಮಜ್ಜಿ

ಭೂಮಿಗೆ ಬಳಿದ ಬಣ್ಣ ಇನ್ನೂ ಒಣಗಿರದ ಕಾಲ, ಮಕ್ಕಳೇ. ಪೂರ್ವದ ಕಡಲು ಒಬ್ಬಳೇ ಕೂತು ದ್ವೀಪಗಳನ್ನು ಮಾಡುತ್ತಿದ್ದಳು. ಒಂದಕ್ಕೆ ಹೊಗೆಯುಗುಳುವ ಬೆಟ್ಟ, ಇನ್ನೊಂದಕ್ಕೆ ಹವಳದ ದಂಡೆ, ಮತ್ತೊಂದಕ್ಕೆ ಬರೀ ಕೆಸರು.

"ಒಂದರ ಹಾಗೆ ಇನ್ನೊಂದಿಲ್ಲವಲ್ಲೇ!" ಎಂದಿತು ಗಾಳಿ.

"ಎಲ್ಲ ಒಂದೇ ಥರ ಇದ್ದರೆ ಒಬ್ಬರ ಮನೆಗೆ ಒಬ್ಬರು ಯಾಕೆ ಹೋಗ್ತಾರೋ?" ಎಂದಳು ಕಡಲು.

ನಿಜ ನೋಡಿ! ಹವಳದ ದ್ವೀಪದವರು ಒಣಮೀನು ತರುವರು, ಕೆಸರು ದ್ವೀಪದವರು ಮರದ ತಿರುಳಿನ ಹಿಟ್ಟು ತರುವರು, ಬೆಟ್ಟದ ದ್ವೀಪದವರು ಜಾಯಿಕಾಯಿ ಕೊಡುವರು. ಮಾತು ಬೇರೆ, ಹಾಡು ಬೇರೆ, ದೇವರೂ ಬೇರೆ. ಎಲೆ, ಅಡಿಕೆ, ಸುಣ್ಣ ಮಾತ್ರ ಎಲ್ಲರ ಬಾಯಲ್ಲೂ ಒಂದೇ! ಕೊಟ್ಟ ಬೀಜ ಅಲ್ಲಲ್ಲೇ ಮೊಳೆತು, ಬೆಟ್ಟದ ದ್ವೀಪದ ಮೊದಲ ಜಾಯಿಕಾಯಿ ಮರಕ್ಕೆ, ಆ ತಾಯಿಮರಕ್ಕೆ, ದ್ವೀಪಕ್ಕೊಬ್ಬ ಮಗಳಿದ್ದಳು. ಆಗ ಜಾಯಿಕಾಯಿಯ ಬೀಜ ಬರಿಮೈ, ಬರೀ ಕಪ್ಪು.

ಹೀಗಿರುವಾಗ ಬೆಟ್ಟದ ದ್ವೀಪಕ್ಕೆ ದೂರದಿಂದ ಒಂದು ದೊಡ್ಡ ಹಡಗು ಬಂತು. ಅದರ ಕಪ್ತಾನ ಪೀಪಾಯಿಗಟ್ಟಲೆ ಸುಣ್ಣ ಇಳಿಸಿದ. ತಾಯಿಮರವನ್ನು ನೋಡಿಕೊಳ್ಳುತ್ತಿದ್ದ ಹಲೀಮಜ್ಜಿಗೆ ನಗು ತಡೆಯಲಿಲ್ಲ.

"ಅಬ್ಬಬ್ಬಾ! ಈ ಮಹರಾಯನಿಗೆ ಬಾಯಿ ಎಷ್ಟಪ್ಪಾ? ಬಾರೋ ಮಗಾ, ಎಲೆ ನಮ್ಮ ಮನೇದೇ ಹಾಕ್ಕೋ!" ಎಂದು ತಟ್ಟೆ ಚಾಚಿದಳು.

ಕಪ್ತಾನ ತಟ್ಟೆಯನ್ನು ನೋಡಲೂ ಇಲ್ಲ. ಅವನ ಆಳುಗಳು ಜಾಯಿಕಾಯಿ ಬೀಜಗಳನ್ನು ಸುಣ್ಣದ ನೀರಿಗೆ ಸುರಿದರು.

"ಅಯ್ಯಯ್ಯೋ, ಇದೇನಿದು! ಹಾಗೆ ಮಾಡಿದರೆ ಬೀಜ ಮೊಳೆಯಲ್ಲ ಕಣೋ!"

"ಮೊಳೆಯಬಾರದು ಅಂತಲೇ. ಇನ್ನು ಈ ಮರ ಇಲ್ಲಿ ಬಿಟ್ಟು ಬೇರೆಲ್ಲೂ ಇರಕೂಡದು. ಬೇಕಾದವರು ನನ್ನಿಂದಲೇ ಕೊಳ್ಳಲಿ. ಈ ದ್ವೀಪ ನನ್ನದು."

"ನಿನ್ನದಾ? ಯಾವಾಗಿಂದ?"

"ಈಗಿಂದ."

ಅಜ್ಜಿ ಅಗಿಯುತ್ತಿದ್ದ ಎಲೆ ಬಾಯಲ್ಲೇ ನಿಂತಿತು. ಬೆಟ್ಟ ಹೊಗೆ ಬಿಡುವುದನ್ನೇ ಮರೆಯಿತು. ಅಷ್ಟರಲ್ಲಿ ನೀರಿನಾಚೆಯಿಂದ ಧಡ್, ಧಡ್ ಎಂದು ಕೊಡಲಿ ಸದ್ದು. ಗಾಳಿ ಏದುಸಿರು ಬಿಡುತ್ತಾ ತಾಯಿಮರದ ಬಳಿಗೆ ಓಡಿಬಂತು.

"ಹವಳದ ದ್ವೀಪದಲ್ಲಿ ನಿನ್ನ ಮಗಳನ್ನು ಕಡಿದರು! ಕೆಸರು ದ್ವೀಪದಲ್ಲೂ ಕಡಿದರು!"

ಆ ಮಾತಿಗೆ ತಾಯಿಮರ ಎಷ್ಟು ಬೆಚ್ಚಿತೆಂದರೆ, ತುದಿಕೊಂಬೆಯಲ್ಲಿ ಉಳಿದಿದ್ದ ಕೊನೆಯ ಹಣ್ಣು ಫಟ್ಟನೆ ಬಾಯಿ ಬಿಟ್ಟಿತು.

"ಹಲೀಮಾ, ಇದೊಂದನ್ನು ದಾಟಿಸೇ. ಎಲ್ಲಾದರೂ ಒಬ್ಬಳಾದರೂ ಬದುಕಲಿ," ಎಂದು ಮರ ಪಿಸುಗುಟ್ಟಿತು.

ದಾಟಿಸುವುದು ಹೇಗೆ? ದೋಣಿ ದೋಣಿಗೂ ಕಾವಲು!

"ನಾನು ನುಂಗಿ ಒಯ್ಯುತ್ತೇನಜ್ಜೀ," ಎಂದಿತು ಕೊಂಬೆಯ ಮೇಲೆ ಕೂತಿದ್ದ ಒಂದು ಕಾಡುಪಾರಿವಾಳ. "ಆದರೆ ಹೀಗೇ ಅಂದರೆ ಕಲ್ಲು ನುಂಗಿದ ಹಾಗೆ. ಕೆಂಪಗೆ, ಹಣ್ಣಿನ ಹಾಗೆ ಏನಾದರೂ ಸುತ್ತಿಕೊಡು."

ಅಜ್ಜಿ ತಲೆಯ ಮೇಲಿದ್ದ ಕೆಂಪು ವಸ್ತ್ರವನ್ನು ಸರ್‍ರನೆ ಹರಿದಳು. ಅದು ಅವಳ ಮದುವೆಯದು! ಅವಸರಕ್ಕೆ ಚಿಂದಿ ಚಿಂದಿಯಾಗಿ ಹರಿಯಿತು.

"ಅಯ್ಯೋ, ಇಷ್ಟು ಹರಿದೆಯಲ್ಲೇ!" ಎಂದಿತು ಮರ.

"ಸುಮ್ಮನಿರೇ, ನಾನೇನು ದರ್ಜಿಯೇ?" ಎನ್ನುತ್ತಾ ಅಜ್ಜಿ ಬೀಜಕ್ಕೆ ಸುತ್ತಿದಳು.

ಪಾರಿವಾಳ ಗುಟುಕ್ಕನೆ ನುಂಗಿ, ಕಣ್ಣು ಮೇಲೆ ಮಾಡಿ, ಕಪ್ತಾನನ ಟೋಪಿಯ ಮೇಲಿನಿಂದಲೇ ಹಾರಿತು. ಹಕ್ಕಿಗೆ ಕಾವಲಿಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ, ಪಾಪ!

ವರ್ಷಗಳಾದ ಮೇಲೆ, ಹೆಸರೇ ಇಲ್ಲದ ಒಂದು ದ್ವೀಪದಲ್ಲಿ ಕಪ್ತಾನ ನೀರಿಗೆಂದು ಇಳಿದ. ಎದುರಿಗೆ ಜಾಯಿಕಾಯಿ ಮರ, ಮೈತುಂಬ ಹಣ್ಣು!

"ಇದನ್ನಿಲ್ಲಿ ಯಾರು ನೆಟ್ಟರು?" ಎಂದು ಕಿರುಚಿದ. ಪಾರಿವಾಳಗಳು ಬಾಯಿ ತುಂಬಿಕೊಂಡಿದ್ದವು.

ಅಂದಿನಿಂದ, ಮಕ್ಕಳೇ, ಮಾಗಿದ ಜಾಯಿಕಾಯಿ ಬೆಚ್ಚಿದವರ ಹಾಗೆ ಬಾಯಿ ಬಿಡುತ್ತದೆ. ಒಳಗಿನ ಕಪ್ಪು ಬೀಜಕ್ಕೆ ಸುತ್ತಿಕೊಂಡ ಆ ಹರಕು ಕೆಂಪನ್ನೇ ನಿಮ್ಮಮ್ಮ ಒಣಗಿಸಿ, ಜಾಪತ್ರೆ ಎಂದು ಡಬ್ಬಿಗೆ ತುಂಬುವುದು.